ಕೃತಕ ಸಂಧಿಗಳಲ್ಲಿ ಅಡಗಿದ ಸೋಂಕು

ಮನುಷ್ಯಶರೀರದಲ್ಲಿ 210 ಸಂಧಿಗಳಿರುವುವೆಂದು ಸುಶ್ರುತಸಂಹಿತೆಯು ಎಣಿಸಿ ಹೇಳುವುದು. ಅವುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಮೊಣಕಾಲಿನ ಕೀಲನ್ನು ‘ಕೋರ’ವೆಂದೂ ತೊಡೆಯ ಬುಡದ ಕೀಲನ್ನು ‘ಉಲೂಖಲ’ವೆಂದೂ ಆ ಗ್ರಂಥದಲ್ಲಿ ಕರೆದಿದೆ. ಉಲೂಖಲವೆಂದರೆ ಒರಳು. ತೊಡೆಯೆಲುಬಿನ ದುಂಡನೆಯ ತಲೆಯು ಸೊಂಟದೆಲುಬಿನ ಕುಳಿಯಲ್ಲಿ ಕುಳಿತು ತಿರುಗುವ ರೀತಿಗೆ, ನಮ್ಮ ಅಡಿಗೆಮನೆಯ ಒರಳು ಗುಂಡುಗಳಿಗಿಂತ ತಕ್ಕ ಉಪಮಾನವು ಇನ್ನೊಂದಿಲ್ಲ. ಕಲ್ಲಿನ ಒರಳು ಸವೆದು ನುಣುಪಾದರೆ ಕಲ್ಲುಕುಟಿಗನನ್ನು ಕರೆಸಿ ಕುಟ್ಟಿಸಿಕೊಳ್ಳುತ್ತಿದ್ದೆವು. ದೇಹದೊಳಗಿನ ಒರಳು ಸವೆದರೆ ಮಾಡತಕ್ಕುದೇನೆಂಬ ಪ್ರಶ್ನೆಗೆ ಮಾತ್ರ ಬಹು ಶತಮಾನಗಳವರೆಗೆ ಎಣ್ಣೆ, ಪಟ್ಟು, ಸಹನೆ ಎಂಬ ಮೂರೇ ಉತ್ತರಗಳಿದ್ದುವು.

ನಾಲ್ಕನೆಯ ಉತ್ತರವನ್ನು ನಂಬಿಕೆಗೆ ಅರ್ಹವಾಗುವಂತೆ ಕೊಟ್ಟವರು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯರಾದ ಜಾನ್ ಚಾರ್ನ್‌ಲಿ ಎಂಬವರು. 1962ರಲ್ಲಿ ಇವರು ಉಕ್ಕಿನ ಗುಂಡನ್ನೂ ಗಟ್ಟಿಯಾದ ಪಾಲಿಥೀನಿನ ಬಟ್ಟಲನ್ನೂ ಜೋಡಿಸಿ, ಒಂದು ಬಗೆಯ ಗಾರೆಯಿಂದ ಎಲುಬಿಗೆ ಕೂಡಿಸಿ, ಸೊಂಟದ ಕೀಲನ್ನು ಹೊಸದಾಗಿ ಮಾಡಿಕೊಟ್ಟರು. ಮಂಡಿಯ ಕೀಲು ಅದರ ಹಿಂದೆಯೇ ಬಂದಿತು. ನಮ್ಮ ದೇಶದಲ್ಲಿ ಮಂಡಿಯ ಶಸ್ತ್ರಕ್ರಿಯೆಯು ಮನೆಮಾತಾದುದು, ಪ್ರಧಾನಮಂತ್ರಿಗಳಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು 2000ದಲ್ಲಿ ಒಂದು ಮಂಡಿಗೂ 2001ರಲ್ಲಿ ಇನ್ನೊಂದಕ್ಕೂ ಮುಂಬಯಿಯಲ್ಲಿ ಅದನ್ನು ಮಾಡಿಸಿಕೊಂಡ ಮೇಲೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಮಂಡಿಗೆ ಹಾಕುವ ಲೋಹದ ಕೀಲಿನ ಬೆಲೆಗೆ ಮಿತಿಯನ್ನು ಗೊತ್ತುಪಡಿಸಿದುದರಿಂದ, ಮಧ್ಯಮವರ್ಗದ ಮನೆಗಳಿಗೂ ಅದು ಎಟುಕಿತು. ಈಗ ನಮ್ಮ ಗಂಗಾನಗರದಲ್ಲಿ ಬೆಳಗಿನ ಹೊತ್ತು ಹಾಲಿಗೆಂದು ಹೊರಟರೆ, ಮಂಡಿ ಬದಲಾಯಿಸಿಕೊಂಡ ಇಬ್ಬರು ಮೂವರು ಹಿರಿಯರಾದರೂ ಎದುರಾಗದೆ ಇರುವುದಿಲ್ಲ. ಅವರಲ್ಲಿ ಹೆಚ್ಚಿನವರು ಸುಖವಾಗಿದ್ದಾರೆ. ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೊಸ ಕೀಲಿನಲ್ಲಿ ಸೋಂಕು ಸೇರಿಕೊಳ್ಳುವುದು. ಈ ಲೇಖನವು ಆ ಒಬ್ಬಿಬ್ಬರನ್ನು ಕುರಿತದ್ದು.

ಜೀವವಿರುವ ಎಲುಬಿನಲ್ಲಿ ರಕ್ತವು ಹರಿಯುವುದು. ರಕ್ತದೊಡನೆ ಕಾವಲುಗಾರರಾದ ಬಿಳಿಯ ಕಣಗಳೂ ಔಷಧಿಯೂ ಅಲ್ಲಿಗೆ ತಲಪುವುವು. ಲೋಹದಲ್ಲಿ ರಕ್ತವಿಲ್ಲ. ಅದರ ಮೇಲೆ ಬಂದು ಕುಳಿತ ಕೆಲವೇ ಅಣುಜೀವಿಗಳು ತಮ್ಮ ಸುತ್ತಲೂ ಅಂಟಾದ ಪೊರೆಯೊಂದನ್ನು ನೆಯ್ದುಕೊಂಡು ಅದರೊಳಗೆ ಸಂಸಾರ ಹೂಡುವುವು. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಬಹುದಿನ ಉಜ್ಜದೆ ಬಿಟ್ಟ ನೀರಿನ ಕೊಡದ ಒಳಮೈಯನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಇದರ ಪರಿಚಯವು ಇದ್ದೇ ಇರುವುದು. ಕೊಡದಲ್ಲಿ ನೀರನ್ನು ಎಷ್ಟು ಸಲ ಬದಲಾಯಿಸಿದರೂ ಆ ಲೋಳೆಯು ಹೋಗದು; ಹುಣಿಸೆಹಣ್ಣು ಹಾಕಿ ತಿಕ್ಕಿಯೇ ತೆಗೆಯಬೇಕು. ಈ ಪೊರೆಯೊಳಗಿನ ಜೀವಿಗಳು ಮೆಲ್ಲಗೆ ಬಾಳುವುವು, ಮೆಲ್ಲಗೆ ಬೆಳೆಯುವುವು. ಔಷಧಿಯು ಅವುಗಳ ಹೊರಗಿನ ನಂಟರನ್ನು ಕೊಲ್ಲಬಲ್ಲುದೇ ಹೊರತು ಮನೆಯೊಳಗಿನವರನ್ನು ಮುಟ್ಟಲಾರದು.

ಆದುದರಿಂದ ಇಂತಹ ಸೋಂಕು ಯಾವಾಗಲೂ ಜ್ವರದಿಂದಲೂ ಕೀವಿನಿಂದಲೂ ಡಂಗುರ ಹೊಡೆಯುತ್ತ ಬರುವುದೆಂದು ತಿಳಿಯಬಾರದು. ಶಸ್ತ್ರಕ್ರಿಯೆಯಾಗಿ ಎರಡು ಮೂರು ವರ್ಷಗಳಾದ ಮೇಲೆ, ರಾತ್ರಿ ಮಲಗಿದಾಗಲೂ ಬಿಡದ ಒಂದು ಮಂಕು ನೋವು, ಮುಟ್ಟಿದರೆ ತುಸು ಬಿಸಿ, ಅಷ್ಟೇ. ಕೀಲು ಎಲುಬಿನಿಂದ ಸಡಿಲವಾದರೂ ಇದೇ ತರದ ನೋವು ಬರುವುದುಂಟು. ಎರಡಕ್ಕೂ ಚಿಕಿತ್ಸೆಯು ಬೇರೆ. ಬರಿಯ ಸಡಿಲವಾದರೆ ಹಳೆಯ ಕೀಲನ್ನು ತೆಗೆದು ಅದೇ ದಿವಸ ಹೊಸದನ್ನು ಕೂಡಿಸಬಹುದು. ಸೋಂಕಾಗಿದ್ದರೆ, ಅದನ್ನು ಅರಿಯದೆ ಹೊಸ ಕೀಲನ್ನು ಹಾಕುವುದು, ಹಾವಿರುವ ಹುತ್ತದ ಮೇಲೆ ಹೊಸ ಮನೆ ಕಟ್ಟಿದಂತೆ. ಹಣವೂ ಹೋಗಿ, ಎಲುಬೂ ಹೋಗಿ, ವೃದ್ಧರಾದವರು ಹಾಸಿಗೆಯನ್ನೇ ಹಿಡಿಯಬೇಕಾಗುವುದು. ಪರೀಕ್ಷಾಶಾಲೆಯಿಂದ ಬರುವ ಒಂದು ಹಾಳೆಯ ಮೇಲೆ ಇಷ್ಟೆಲ್ಲವೂ ನಿಂತಿದೆಯೆಂದ ಮೇಲೆ, ಆ ಹಾಳೆಯನ್ನು ಓದುವ ಬಗೆಯನ್ನು ಮನೆಯವರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ನಮ್ಮ ಬೀದಿಯಲ್ಲಿಯೇ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಅರುವತ್ತೆಂಟು ವರ್ಷ ವಯಸ್ಸಿನ ತಾಯಿಯೊಬ್ಬರಿಗೆ ಬಲಮಂಡಿಯ ಶಸ್ತ್ರಕ್ರಿಯೆಯಾಗಿ ಮೂರು ವರ್ಷಗಳಾಗಿದ್ದುವು. ನೋವು ಮರಳಿ ಬಂದಿತು. ಬಂಧುಗಳೊಬ್ಬರ ಮಾತಿನಂತೆ ಔಷಧಿಯಂಗಡಿಯಿಂದ ಹತ್ತು ದಿವಸದ ಆಂಟಿಬಯಾಟಿಕ್ ಮಾತ್ರೆಗಳನ್ನು ತರಿಸಿ ನುಂಗಿದರು. ನೋವು ತಗ್ಗಿತು, ಮಾತ್ರೆ ಮುಗಿದ ವಾರದಲ್ಲಿ ಮತ್ತೆ ಏರಿತು. ಆಮೇಲೆ ಆಸ್ಪತ್ರೆಗೆ ಹೋದರು. ಮಂಡಿಯಿಂದ ಸೂಜಿಯ ಮೂಲಕ ನೀರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದುದಾಯಿತು. ಕೆಲವು ದಿವಸಗಳ ಮೇಲೆ ಅವರ ಮಗನು ಸಂತೋಷದಿಂದ ನಮ್ಮ ಮನೆಗೆ ಬಂದು, “ಕ್ರಿಮಿ ಇಲ್ಲವಂತೆ ಮೇಷ್ಟ್ರೇ, ಬೆಳವಣಿಗೆ ಇಲ್ಲ ಅಂತ ಬರೆದಿದ್ದಾರೆ” ಎಂದು ಹಾಳೆಯನ್ನು ತೋರಿಸಿದನು.

ಹಾಳೆಯಲ್ಲಿದ್ದುದು ‘ಬೆಳವಣಿಗೆ ಕಾಣಲಿಲ್ಲ’ ಎಂಬ ಮಾತು. ‘ಕ್ರಿಮಿ ಇಲ್ಲ’ ಎಂಬುದು ಮಗನು ಮಾಡಿಕೊಂಡ ಭಾಷ್ಯ. ಈ ಎರಡು ವಾಕ್ಯಗಳ ನಡುವಣ ದೂರವನ್ನು ನಮ್ಮ ಪ್ರಾಚೀನರು ಬಹಳ ಎಚ್ಚರದಿಂದ ಅಳೆದಿದ್ದಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬುದನ್ನು, ಎಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದು ಒಪ್ಪುವರು. ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು. ಆದರೆ ಒಂದು ನಿಬಂಧನೆಯುಂಟು: ಆ ಅನುಪಲಬ್ಧಿಯು ‘ಯೋಗ್ಯ’ವಾಗಿರಬೇಕು. ಗಡಿಗೆಯು ಅಲ್ಲಿದ್ದಿದ್ದರೆ ಕಾಣಲೇಬೇಕಾಗಿದ್ದಂತಹ ಬೆಳಕು, ಕಣ್ಣು, ಅವಕಾಶಗಳು ಇದ್ದುವೆ? ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವೆಂದು ಸಾರಿದರೆ ಕತ್ತಲೆಯು ಸಿದ್ಧವಾದೀತೇ ಹೊರತು ಗಡಿಗೆಯ ಅಭಾವವು ಸಿದ್ಧವಾಗದು. ತರ್ಕಪಾಠದಲ್ಲಿ ಒಣ ಕಸರತ್ತೆಂದು ಹುಡುಗರು ಆಕಳಿಸುತ್ತಿದ್ದ ಈ ವಿಚಾರವು, ಕೃತಕ ಸಂಧಿಯ ಪರೀಕ್ಷೆಯಲ್ಲಿ ಒಂದು ಕಾಲನ್ನು ಉಳಿಸುವ ಅಥವಾ ಕಳೆಯುವ ವಿಚಾರವಾಗಿ ನಿಂತಿದೆ. ಕಳೆದ ಕಾಲು ಶತಮಾನದಲ್ಲಿ ವೈದ್ಯವಿಜ್ಞಾನಿಗಳು ಈ ವಿಷಯದಲ್ಲಿ ಮಾಡಿರುವ ಕೆಲಸವೆಲ್ಲವೂ ಕೋಣೆಗೆ ದೀಪವನ್ನು ತರುವ ಕೆಲಸವೇ.

ಮೊದಲು ರಕ್ತದ ಪರೀಕ್ಷೆಗಳು. ಇ.ಎಸ್.ಆರ್. ಎಂಬುದು ಎಲ್ಲರೂ ಕೇಳಿದ ಹೆಸರು: ನಿಂತ ಗಾಜಿನ ನಳಿಗೆಯಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿಯುವುವೆಂಬ ಲೆಕ್ಕ. ಸಿ.ಆರ್.ಪಿ. ಎಂಬುದು ಉರಿಯೂತವಾದಾಗ ಯಕೃತ್ತು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಇದನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್, ಫ್ರಾನ್ಸಿಸ್ ಎಂಬಿಬ್ಬರು ಕಂಡುಹಿಡಿದರು. ಶಸ್ತ್ರಕ್ರಿಯೆಯಾಗಿ ಬಹುಕಾಲವಾದವರಲ್ಲಿ ಇ.ಎಸ್.ಆರ್. 30ನ್ನೂ, ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಮನ್ನೂ ದಾಟಿದರೆ ಸಂದೇಹಕ್ಕೆ ಎಡೆಯುಂಟು. ಇವೆರಡೂ ಹೊಗೆಯಿದ್ದಂತೆ. ಪರ್ವತದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ ಸರಿ. ಆದರೆ ಬೆಂಕಿಯು ಯಾವ ಮನೆಯದೆಂದು ಹೊಗೆಯು ಹೇಳದು. ಹಲ್ಲಿನ ಬಾವು, ಆಮವಾತ, ನೆಗಡಿಯ ಮೇಲೆ ಬಂದ ಕೆಮ್ಮು, ಯಾವುದರಿಂದಲಾದರೂ ಇವು ಏರಬಹುದು. ಶಸ್ತ್ರಕ್ರಿಯೆಯಾದ ಮೊದಲ ಕೆಲವು ವಾರಗಳಲ್ಲಿ ಏರಿಯೇ ಇರುವುವು. ಇನ್ನೊಂದು ಕಡೆ, ಪೊರೆಯೊಳಗೆ ಮೆಲ್ಲನೆ ಬೇಯುವ ಸೋಂಕಿನಲ್ಲಿ ಹೊಗೆಯೇ ಏಳದೆ ಇರುವುದೂ ಉಂಟು. ಹೊಗೆಯಿಲ್ಲದ ಕೆಂಡವನ್ನು ನೈಯಾಯಿಕರೂ ಒಪ್ಪಿದ್ದಾರೆ.

ಕೀಲಿನ ನೀರೇ ಹತ್ತಿರದ ಸಾಕ್ಷಿ. ಆಯುರ್ವೇದದವರು ಸಂಧಿಗಳಲ್ಲಿರುವುದೆಂದು ಹೇಳುವ ಶ್ಲೇಷಕ ಕಫವು ಇದಕ್ಕೆ ಸಮೀಪವಾದ ಕಲ್ಪನೆ. ಅದರಲ್ಲಿರುವ ಬಿಳಿಯ ಕಣಗಳನ್ನು ಎಣಿಸುವುದು ಅತ್ಯಂತ ಬೆಲೆಯುಳ್ಳ ಪರೀಕ್ಷೆಗಳಲ್ಲೊಂದು. ಆದರೆ ಬಹುಬೆಲೆಯ ಪರೀಕ್ಷೆಯಲ್ಲ. ಇಲ್ಲಿ ವಾಚಕರು ಗಮನಿಸತಕ್ಕ ವಿಶೇಷವೊಂದಿದೆ. ಹುಟ್ಟಿನಿಂದ ಬಂದ ಮಂಡಿಯಲ್ಲಿ ಕೀವಾದರೆ, ಒಂದು ಮೈಕ್ರೊಲೀಟರು ನೀರಿನಲ್ಲಿ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಕಣಗಳು ಸಾಮಾನ್ಯವಾಗಿ ಕಾಣುವುವು. ಕೃತಕ ಮಂಡಿಗೆ ಈ ಅಳತೆಗೋಲನ್ನು ಹಿಡಿದರೆ ರೋಗವು ಜಾರಿಹೋಗುವುದು. ಹಳೆಯ ಕೃತಕ ಸಂಧಿಯಲ್ಲಿ ಮೂರು ಸಾವಿರ ಕಣಗಳೇ ಸಂದೇಹಕ್ಕೆ ಸಾಕು. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಜಾತಿಯವು ನೂರಕ್ಕೆ ಎಂಬತ್ತನ್ನು ಮೀರಿದರೆ ಸಂದೇಹವು ಬಲವಾಗುವುದು. ಕೃತಕ ಕೀಲೆಂದು ಚೀಟಿಯಲ್ಲಿ ಬರೆಯದೆ ನೀರನ್ನು ಕಳುಹಿಸಿದರೆ, ‘ಇಷ್ಟೇ ಕಣಗಳಿವೆ, ಭಯವಿಲ್ಲ’ ಎಂದು ಯಾರಾದರೂ ತಿಳಿಯುವ ಅಪಾಯವುಂಟು.

ಮೂತ್ರಪರೀಕ್ಷೆಗೆ ಅದ್ದುವ ಬಣ್ಣದ ಕಾಗದದ ಪಟ್ಟಿಯೊಂದಿದೆಯಷ್ಟೆ. ಅದರ ಒಂದು ಚೌಕವು ಬಿಳಿಯ ಕಣಗಳ ಕಿಣ್ವವನ್ನು ತೋರಿಸುವುದು. ಅದನ್ನೇ ಕೀಲಿನ ನೀರಿಗೂ ಹಿಡಿಯಬಹುದೆಂದು ಅಮೆರಿಕದ ಫಿಲಡೆಲ್ಫಿಯದ ಡಾಕ್ಟರು ಪರ್ವಿಜಿಯವರೂ ಅವರ ಸಂಗಡಿಗರೂ 2011ರಲ್ಲಿ ಪ್ರಕಟಿಸಿದರು. ಎರಡು ನಿಮಿಷದಲ್ಲಿ ಚೌಕವು ಕಡು ನೇರಳೆಗೆ ತಿರುಗಿದರೆ ಸೋಂಕಿನ ಸೂಚನೆ. ನೀರಿನಲ್ಲಿ ರಕ್ತವು ಬೆರೆತಿದ್ದರೆ ಬಣ್ಣವನ್ನು ಓದುವುದು ಕಷ್ಟ; ಯಂತ್ರದಲ್ಲಿ ಗಿರ್ರನೆ ತಿರುಗಿಸಿ ರಕ್ತವನ್ನು ತಳಕ್ಕಿಳಿಸಿ ನೋಡುವರು. ಆಲ್ಫಾ ಡಿಫೆನ್ಸಿನ್ ಎಂಬ ಪದಾರ್ಥವನ್ನು ಹುಡುಕುವ ಪರೀಕ್ಷೆಯೂ ಇದೆ, ಅದು ದುಬಾರಿ. ಇಷ್ಟು ಅಗ್ಗದ ಪಟ್ಟಿಯು ಇಷ್ಟು ಕೆಲಸ ಮಾಡುವಾಗ, ಬಡವರು ಬರುವ ಆಸ್ಪತ್ರೆಗಳಲ್ಲಿ ಮೊದಲು ಪಟ್ಟಿಯೇ ಬಳಕೆಗೆ ಬರಬೇಕೆಂದು ನಮಗೆ ತೋರುವುದು.

ಒಂದೊಂದು ಪರೀಕ್ಷೆಯೂ ತಪ್ಪುವುದಾದರೆ ತೀರ್ಪು ಹೇಗೆ? 2018ರಲ್ಲಿ ಪ್ರಕಟವಾದ ಒಂದು ನಿರ್ಣಯಕ್ರಮವು ನಮ್ಮಂತಹ ಉಪಾಧ್ಯಾಯರಿಗೆ ಬಹಳ ಮೆಚ್ಚಿಗೆಯಾಗತಕ್ಕದ್ದು. ಏಕೆಂದರೆ ಅದು ಅಂಕಗಳನ್ನು ಕೊಡುವುದು! ಸಿ.ಆರ್.ಪಿ. ಏರಿದ್ದರೆ 2, ಇ.ಎಸ್.ಆರ್.ಗೆ 1, ಕೀಲಿನ ನೀರಿನ ಕಣಗಳಿಗಾಗಲಿ ಕಾಗದದ ಪಟ್ಟಿಗಾಗಲಿ 3, ನ್ಯೂಟ್ರೊಫಿಲ್ ಪಾಲಿಗೆ 2, ಹೀಗೆ. ಆರು ಅಂಕ ಬಂದರೆ ಸೋಂಕು ಎಂದು ನಿಶ್ಚಯ. ಎರಡರಿಂದ ಐದರವರೆಗೆ ಸಂಶಯ. ಮಂಡಿಯ ಕೀಲಿನಿಂದ ಚರ್ಮದವರೆಗೆ ತೂತಾಗಿ ಸೋರುತ್ತಿದ್ದರೆ, ಅಥವಾ ಎರಡು ಬೇರೆ ಬೇರೆ ಮಾದರಿಗಳಲ್ಲಿ ಒಂದೇ ಅಣುಜೀವಿ ಬೆಳೆದರೆ, ಅಂಕಗಳ ಗೊಡವೆಯೇ ಬೇಡ. ಮೇಲೆ ಹೇಳಿದ ತಾಯಿಯ ಸಂಗತಿಯಲ್ಲಿ ವೈದ್ಯರು ಹಿಂದಿನ ಮಾತ್ರೆಗಳ ವಿಷಯವನ್ನು ಕೇಳಿ ತಿಳಿದು, ಎರಡು ವಾರ ಯಾವ ಆಂಟಿಬಯಾಟಿಕನ್ನೂ ಮುಟ್ಟಕೂಡದೆಂದು ಕಟ್ಟುಮಾಡಿ, ಮತ್ತೆ ನೀರನ್ನು ತೆಗೆಸಿದರು. ಕಣಗಳು ಹನ್ನೊಂದು ಸಾವಿರ, ನ್ಯೂಟ್ರೊಫಿಲ್ ನೂರಕ್ಕೆ 88, ಇ.ಎಸ್.ಆರ್. 58; ಸಿ.ಆರ್.ಪಿ. 24. ಕೂಡಿಸಿದರೆ ಎಂಟು ಅಂಕ. ಬೆಳವಣಿಗೆಯಿಲ್ಲವೆಂದ ಹಾಳೆಯ ಕಾಲಕ್ಕೆ ಈ ಎಣಿಕೆಯನ್ನೇ ಯಾರೂ ಕೇಳಿರಲಿಲ್ಲ.

ಇನ್ನು ಅಣುಜೀವಿಗಳ ಕೃಷಿ, ಎಂದರೆ ಕಲ್ಚರ್. ಇದನ್ನು ಕುರಿತು ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾದುದು ಕಡಿಮೆ. ದಿನವೂ ಹಾಲಿಗೆ ಹೆಪ್ಪು ಹಾಕುವವರು ಅವರು. ಕುದಿಯುವ ಹಾಲಿಗೆ ಹೆಪ್ಪು ಬಿಟ್ಟರೆ ಮೊಸರಾಗದು. ಚಳಿಗಾಲದಲ್ಲಿ ಹೆಪ್ಪು ಕೂಡಲು ಹೊತ್ತು ಹೆಚ್ಚು ಬೇಕು. ಹೆಪ್ಪು ತೀರ ಕಡಿಮೆಯಾದರೂ ಕೂಡದು. ಪರೀಕ್ಷಾಶಾಲೆಯ ನಿಯಮಗಳೂ ಇವೇ. ಅಲ್ಲಿಯ ಹಾಲೆಂದರೆ ಅಗರ್ ಎಂಬ ಕಡಲಪಾಚಿಯ ಸಾರದಿಂದ ಗಟ್ಟಿಮಾಡಿದ ಪೋಷಕ ದ್ರವ. ಈ ಅಗರ್ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ಸಿಕ್ಕುವ, ಹಬ್ಬಗಳಲ್ಲಿ ಸಿಹಿ ಮಾಡುವ ಪದಾರ್ಥವೇ. ಇದು ಪರೀಕ್ಷಾಶಾಲೆಗೆ ಹೋದುದೂ ಅಡಿಗೆಮನೆಯಿಂದಲೇ. 1881ರಲ್ಲಿ ಜರ್ಮನಿಯಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಅಣುಜೀವಿಗಳನ್ನು ಜೆಲಟಿನ್ನಿನ ಮೇಲೆ ಬೆಳೆಸಲು ಹೆಣಗುತ್ತಿದ್ದರು. ಬೇಸಗೆಯ ಬಿಸಿಗೆ ಅದು ಕರಗಿ ನೀರಾಗುತ್ತಿತ್ತು. ಅವರ ಪತ್ನಿಯಾದ ಫ್ಯಾನಿ ಹೆಸ್ಸೆಯವರು, ತಾವು ಮಾಡುವ ಸಿಹಿಯು ಬಿಸಿಲಿನಲ್ಲಿಯೂ ಕರಗದಿರುವುದನ್ನು ಕಂಡು, ಅದಕ್ಕೆ ಹಾಕುವ ಅಗರನ್ನೇ ಉಪಯೋಗಿಸಿ ನೋಡಬಾರದೇಕೆಂದರು. ಜಾವಾದಲ್ಲಿದ್ದು ಬಂದ ಡಚ್ ಪರಿಚಿತರಿಂದ ಆಕೆ ಅದನ್ನು ಕಲಿತಿದ್ದರು. ಮರುವರ್ಷವೇ ರಾಬರ್ಟ್ ಕೋಖರು ಕ್ಷಯದ ಅಣುಜೀವಿಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಅಗರಿನ ಹೆಸರು ಬಂದಿತು. ಆಕೆಯ ಹೆಸರು ಬರಲಿಲ್ಲ. ಇಂದಿಗೂ ಜಗತ್ತಿನ ಪರೀಕ್ಷಾಶಾಲೆಗಳೆಲ್ಲ ಆ ಗೃಹಿಣಿಯ ಪಾಕದಿಂದಲೇ ನಡೆಯುತ್ತಿವೆ.

ಆಂಟಿಬಯಾಟಿಕ್ ನುಂಗಿದವರ ಕೀಲಿನ ನೀರು ಕುದಿಹಾಲಿನಂತೆ. ಅಲ್ಲಿದ್ದ ಕೆಲವು ಜೀವಿಗಳು ಅರೆಸತ್ತಿರುವುವು. ಪೊರೆಯೊಳಗಿನವು ನೀರಿಗೆ ಇಳಿದೇ ಇರುವುದಿಲ್ಲ. ತಟ್ಟೆಯು ಬರಿದಾಗಿ ಕಾಣುವುದು. ಆದುದರಿಂದಲೇ, ರೋಗಿಯ ಸ್ಥಿತಿಯು ತಡೆಯುವಂತಿದ್ದರೆ, ಮಾದರಿ ತೆಗೆಯುವುದಕ್ಕೆ ಎರಡು ವಾರ ಮುಂಚಿನಿಂದ ಔಷಧಿಯನ್ನು ನಿಲ್ಲಿಸುವ ಪದ್ಧತಿ. ಚಳಿಜ್ವರ ಬಂದು ಮೈ ನಡುಗುತ್ತಿರುವಾಗ ಹೀಗೆ ಕಾಯಕೂಡದು. ಯಾವುದನ್ನೂ ವೈದ್ಯರ ಮಾತಿಲ್ಲದೆ ತಾವಾಗಿ ನಿಲ್ಲಿಸಲೂ ಕೂಡದು. ತೆಗೆದ ನೀರನ್ನು ಬರಿಯ ಸೀಸೆಯಲ್ಲಿಡುವುದಕ್ಕಿಂತ, ರಕ್ತದ ಕೃಷಿಗೆಂದು ಪೋಷಕ ದ್ರವವನ್ನು ತುಂಬಿದ ಸೀಸೆಗಳಿಗೆ ಅಲ್ಲಿಯೇ ಚುಚ್ಚಿ ಬಿಟ್ಟರೆ ಬೆಳವಣಿಗೆಯು ಹೆಚ್ಚು ಸಲ ಕಾಣುವುದು.

ಹಾಗೆಯೇ ದಿವಸಗಳ ಎಣಿಕೆ. ಸಾಮಾನ್ಯ ಕೀವಾದರೆ ಎರಡು ಮೂರು ದಿವಸ ಕಾದು ತಟ್ಟೆಯನ್ನು ಬಿಸುಡುವರು. ಕೃತಕ ಸಂಧಿಯ ಸೋಂಕಿನಲ್ಲಿ ಬರುವ ಜೀವಿಗಳಲ್ಲಿ ಕೆಲವು ಬಲು ಸೋಮಾರಿಗಳು. ಭುಜದ ಕೀಲಿನಲ್ಲಿ ಹೆಚ್ಚಾಗಿ ಸಿಕ್ಕುವ, ಮೊಡವೆಗೂ ಕಾರಣವಾದ ಕ್ಯೂಟಿಬ್ಯಾಕ್ಟೀರಿಯಂ ಎಂಬುದು ಇವುಗಳಲ್ಲಿ ಮುಖ್ಯ. 2008ರಲ್ಲಿ ಜರ್ಮನಿಯಿಂದ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಮೊದಲ ಏಳು ದಿವಸಗಳಲ್ಲಿ ಪತ್ತೆಯಾದುವು ಸುಮಾರು ಮುಕ್ಕಾಲು ಪಾಲು ಮಾತ್ರ. ಮಿಕ್ಕುವು ಎರಡನೆಯ ವಾರದಲ್ಲಿ ತಲೆಯೆತ್ತಿದುವು. ಹದಿನಾಲ್ಕು ದಿವಸ ಕಾಯಬೇಕೆಂಬ ಮಾತು ಅಂದಿನಿಂದ ಬಲವಾಯಿತು.

ಇಲ್ಲಿ ಎದುರುಪಕ್ಷವೂ ಉಂಟು. ಬಹುದಿನ ಇಟ್ಟ ತಟ್ಟೆಯಲ್ಲಿ ಬೇಡದುದೂ ಬೆಳೆಯಬಹುದು. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಜೀವಿಯು ನಮ್ಮೆಲ್ಲರ ಚರ್ಮದ ಮೇಲೆ ಸಾಧುವಾಗಿ ವಾಸಿಸುವಂತಹದು. ಕೃತಕ ಸಂಧಿಯೊಳಗೆ ಹೊಕ್ಕಾಗ ಅದೇ ಕಳ್ಳ. ತಟ್ಟೆಯಲ್ಲಿ ಅದು ಬೆಳೆದರೆ, ಕೀಲಿನಿಂದ ಬಂದ ಕಳ್ಳನೋ, ಸೂಜಿಯು ಚರ್ಮವನ್ನು ದಾಟುವಾಗ ಅಂಟಿಕೊಂಡ ದಾರಿಹೋಕನೋ ಎಂದು ಹೇಳುವುದು ಹೇಗೆ? ನಮ್ಮ ಹಳ್ಳಿಯ ಪಂಚಾಯಿತರು ಮಾಡುವುದನ್ನೇ ಪರೀಕ್ಷಾಶಾಲೆಯವರೂ ಮಾಡುವರು: ಸಾಕ್ಷಿಗಳನ್ನು ಬೇರೆ ಬೇರೆಯಾಗಿ ವಿಚಾರಿಸುವರು. ಶಸ್ತ್ರಕ್ರಿಯೆಯ ಕಾಲದಲ್ಲಿ ಕೀಲಿನ ಸುತ್ತಣ ಐದಾರು ಎಡೆಗಳಿಂದ, ಒಂದೊಂದಕ್ಕೂ ಬೇರೆ ಆಯುಧವನ್ನು ಹಿಡಿದು, ಮಾಂಸದ ಚೂರುಗಳನ್ನು ತೆಗೆದು ಬೇರೆ ಬೇರೆ ಸೀಸೆಗಳಲ್ಲಿ ಕಳುಹಿಸುವರು. ಒಂದರಲ್ಲಿ ಮಾತ್ರ ಬೆಳೆದರೆ ನಂಬಿಕೆ ಕಡಿಮೆ; ಎರಡು ಅಥವಾ ಹೆಚ್ಚಿನವುಗಳಲ್ಲಿ ಅದೇ ಜೀವಿಯು ಬೆಳೆದರೆ ಅಪರಾಧವು ರುಜುವಾತಾದಂತೆ. ಈ ಐದಾರರ ನಿಯಮವನ್ನು ಗಣಿತದಿಂದ ಸಾಧಿಸಿ ತೋರಿಸಿದವರು ಆಕ್ಸ್‌ಫರ್ಡಿನ ಆಟ್ಕಿನ್ಸ್ ಮೊದಲಾದವರು, 1998ರಲ್ಲಿ. ನಮ್ಮ ನೆರೆಯ ತಾಯಿಯ ಎರಡನೆಯ ಸಲದ ನೀರಿನಲ್ಲಿ ಆರನೆಯ ದಿವಸ ಒಂದೇ ಸೀಸೆಯಲ್ಲಿ ಇದೇ ಎಪಿಡರ್ಮಿಡಿಸ್ ಬೆಳೆದಾಗ ಮನೆಯವರು ಗೊಂದಲಗೊಂಡರು. ಶಸ್ತ್ರಕ್ರಿಯೆಯ ಐದು ಚೂರುಗಳಲ್ಲಿ ಮೂರರಲ್ಲಿ ಅದೇ ಬೆಳೆದ ಮೇಲೆ ಗೊಂದಲವು ಉಳಿಯಲಿಲ್ಲ.

ಇಷ್ಟಾದರೂ ಪೊರೆಯೊಳಗಿನವರನ್ನು ಹೊರಡಿಸುವ ಉಪಾಯವು ಬೇಕಾಗಿಯೇ ಇದ್ದಿತು. ಅದು ದೊರೆತ ಬಗೆಯು ಸ್ವಾರಸ್ಯವಾದುದು. ಚಿನ್ನದಂಗಡಿಯಲ್ಲಿ ಹಳೆಯ ಬಳೆಯನ್ನೋ ಓಲೆಯನ್ನೋ ಕೊಟ್ಟರೆ, ನೀರು ತುಂಬಿದ ಸಣ್ಣ ತೊಟ್ಟಿಯಂತಹ ಯಂತ್ರದಲ್ಲಿ ಇಳಿಬಿಟ್ಟು, ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದತರಂಗಗಳಿಂದ ಕುಲುಕಿ, ಕೆತ್ತನೆಯ ಸಂದಿನ ಕೊಳೆಯನ್ನೆಲ್ಲ ಬಿಡಿಸಿಕೊಡುವುದನ್ನು ವಾಚಕಿಯರು ಕಂಡಿರಬಹುದು. ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಟ್ರಾಂಪುಜ್, ಪಟೇಲ್ ಮೊದಲಾದ ವೈದ್ಯರು ದೇಹದಿಂದ ತೆಗೆದ ಕೃತಕ ಸಂಧಿಯನ್ನೇ ಶುದ್ಧವಾದ ಡಬ್ಬಿಯ ದ್ರವದಲ್ಲಿ ಮುಳುಗಿಸಿ ಹೀಗೆಯೇ ಕುಲುಕಿಸಿದರು. ಪೊರೆಯು ಹರಿದು ಜೀವಿಗಳು ದ್ರವಕ್ಕೆ ಬಿದ್ದುವು. ಆ ದ್ರವವನ್ನು ಕೃಷಿಗೆ ಹಾಕಿದರು. ಸೊಂಟ, ಮಂಡಿಗಳ ಕೀಲನ್ನು ತೆಗೆಸಿಕೊಂಡ 331 ಮಂದಿಯನ್ನು ಕುರಿತ ಅವರ ಪ್ರಬಂಧವು 2007ರಲ್ಲಿ ಹೊರಬಂದಿತು. ಸೋಂಕಿದ್ದವರಲ್ಲಿ ಮಾಂಸದ ಚೂರುಗಳ ಕೃಷಿಯು ನೂರಕ್ಕೆ 60.8 ಮಂದಿಯನ್ನು ಹಿಡಿದರೆ, ಕುಲುಕಿದ ದ್ರವವು 78.5 ಮಂದಿಯನ್ನು ಹಿಡಿಯಿತು. ಹದಿನಾಲ್ಕು ದಿವಸಗಳೊಳಗೆ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಈ ಅಂತರವು ಇನ್ನೂ ದೊಡ್ಡದು: 45ಕ್ಕೆ ಎದುರಾಗಿ 75. ಎಂದರೆ, ಮಾತ್ರೆ ನುಂಗಿದ್ದ ಸೋಂಕಿನ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಳೆಯ ವಿಧಾನವು ‘ಬೆಳವಣಿಗೆ ಕಾಣಲಿಲ್ಲ’ ಎಂಬ ಹಾಳೆಯನ್ನೇ ಕೊಡುತ್ತಿದ್ದಿತು. ಕತ್ತಲೆಯ ಕೋಣೆಯೆಂದು ನಾವು ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕವು ಬೇಡ.

ಸೂಕ್ಷ್ಮದರ್ಶಕದ ಕೆಲಸವನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. 1884ರಿಂದ ಬಳಕೆಯಲ್ಲಿರುವ ಗ್ರಾಮ್ ಎಂಬವರ ಬಣ್ಣವು ಇಲ್ಲಿ ಹೆಚ್ಚು ಸಲ ಏನನ್ನೂ ತೋರಿಸದು. ಅದು ತೋರಿಸಲಿಲ್ಲವೆಂದು ಧೈರ್ಯಗೊಳ್ಳಕೂಡದು. ಮಾಂಸದ ಚೂರನ್ನು ತೆಳ್ಳಗೆ ಸೀಳಿ ನೋಡಿ, ನಾನೂರು ಪಟ್ಟು ದೊಡ್ಡದು ಮಾಡಿದ ಐದು ನೋಟಗಳಲ್ಲಿ ಒಂದೊಂದರಲ್ಲೂ ಐದಕ್ಕಿಂತ ಹೆಚ್ಚು ನ್ಯೂಟ್ರೊಫಿಲ್‌ಗಳಿದ್ದರೆ ಅದು ಒಳ್ಳೆಯ ಸಾಕ್ಷಿ. ಅಣುಜೀವಿಯ ಡಿ.ಎನ್.ಎ.ಯನ್ನೇ ಹುಡುಕುವ ಹೊಸ ಪರೀಕ್ಷೆಗಳೂ ಬಂದಿವೆ. ಇವು ಬೆಳೆಯಲಾರದ ಜೀವಿಯನ್ನೂ ಹಿಡಿಯುವುವೆಂಬುದು ಗುಣ; ಸತ್ತ ಜೀವಿಯ ಹೆಜ್ಜೆಗುರುತನ್ನೂ ಹಿಡಿಯುವುವೆಂಬುದು ದೋಷ. ಅಲ್ಲದೆ ಯಾವ ಔಷಧಿಗೆ ಈ ಜೀವಿಯು ಮಣಿಯುವುದೆಂಬುದನ್ನು ಪೂರ್ಣವಾಗಿ ತಿಳಿಯಲು ತಟ್ಟೆಯಲ್ಲಿ ಅದನ್ನು ಜೀವಂತವಾಗಿ ಬೆಳೆಸಿಯೇ ನೋಡಬೇಕು. ಆದುದರಿಂದ ಹೆಸ್ಸೆಯಮ್ಮನವರ ಅಗರಿಗೆ ಇನ್ನೂ ನಿವೃತ್ತಿಯಿಲ್ಲ.

ನಮ್ಮ ನೆರೆಯ ತಾಯಿಗೆ ಹಳೆಯ ಕೀಲನ್ನು ತೆಗೆದು, ಔಷಧಿ ಬೆರೆತ ಗಾರೆಯ ಅಚ್ಚೊಂದನ್ನು ಅದರ ಸ್ಥಾನದಲ್ಲಿಟ್ಟು, ಬೆಳೆದ ಜೀವಿಗೆ ತಕ್ಕ ಔಷಧಿಯನ್ನು ಆರು ವಾರ ಕೊಟ್ಟರು. ಅನಂತರ ಕೆಲವು ವಾರಗಳಲ್ಲಿ ಹೊಸ ಕೀಲನ್ನು ಹಾಕಿದರು. ಆ ತಿಂಗಳುಗಳ ಕಷ್ಟವನ್ನು ಹಗುರವಾಗಿ ಹೇಳಲಾರೆವು. ಆಕೆಯನ್ನು ಎತ್ತಿ ಕೂರಿಸಲು ಸೊಸೆಯು ಕೆಲಸವನ್ನು ಬಿಡಬೇಕಾಯಿತು; ಉಳಿತಾಯದ ಹಣವು ಕರಗಿತು. ಈಗ ಆಕೆ ತರಕಾರಿ ಅಂಗಡಿಯವರೆಗೆ ಕೋಲಿಲ್ಲದೆ ಹೋಗಿ ಬರುತ್ತಿದ್ದಾರೆ. ಮೊದಲ ಹಾಳೆಯನ್ನು ನಂಬಿ ಸಡಿಲವೆಂದು ತಿಳಿದು ಒಂದೇ ಸಲಕ್ಕೆ ಕೀಲನ್ನು ಬದಲಾಯಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ.

ಯೋಗ್ಯಾನುಪಲಬ್ಧಿಯ ವಿಚಾರವು ನಮ್ಮ ಬಡಾವಣೆಯ ಆಚೆಯ ಬಳ್ಳಾರಿ ರಸ್ತೆಯನ್ನು ಕಂಡಾಗಲೆಲ್ಲ ಇನ್ನೊಂದು ಬಗೆಯಿಂದ ಮನಸ್ಸಿಗೆ ಬರುವುದು. ಅಣುಜೀವಿಗಳನ್ನು ಹುಡುಕುವುದನ್ನೇ ಕಸುಬಾಗಿ ಉಳ್ಳ ಸಂಸ್ಥೆಗಳು ಈ ರಸ್ತೆಯ ಉದ್ದಕ್ಕೂ ಇವೆ. ನಗರದ ಕಡೆಗೆ ‘ಅವಲಾನ್’ ಎಂಬ ಆವರಣದಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜೂ, ಹಿಂದಿನ ಮೈಸೂರು ಸೀರಂ ಸಂಸ್ಥೆಯಿಂದ ಬೆಳೆದು ಬಂದ ಪಶುಲಸಿಕೆಗಳ ಸರ್ಕಾರಿ ಸಂಸ್ಥೆಯೂ. ಇನ್ನೂ ಉತ್ತರಕ್ಕೆ ಯಲಹಂಕದಲ್ಲಿ, ನಿವೇದಿ ಎಂದು ಕರೆಯಲ್ಪಡುವ ಪಶುರೋಗಗಳ ರಾಷ್ಟ್ರೀಯ ಸಂಸ್ಥೆ. ಇವು ಮಂಡಿಯ ರೋಗಿಗಳು ಹೋಗಿ ನಿಲ್ಲತಕ್ಕ ಸ್ಥಳಗಳಲ್ಲ. ಆದರೆ ಇವು ಹುಡುಕುವ ಎರಡು ರೋಗಗಳು, ಕ್ಷಯವೂ ಬ್ರುಸೆಲ್ಲೋಸಿಸ್ ಎಂಬುದೂ, ವಿರಳವಾಗಿಯಾದರೂ ಕೃತಕ ಸಂಧಿಗಳಲ್ಲಿ ಕಂಡುಬಂದಿವೆ.

ಕ್ಷಯದ ಜೀವಿಯನ್ನು ಸಾಮಾನ್ಯವಾದ ತಟ್ಟೆಯಲ್ಲಿ ಹದಿನಾಲ್ಕು ದಿವಸ ಕಾದು ಹಿಡಿಯುವೆವೆಂದು ನಂಬುವಂತಿಲ್ಲ. ಕೋಳಿಮೊಟ್ಟೆಯಿಂದ ಮಾಡಿದ ಲೋವೆನ್‌ಸ್ಟೈನ್-ಜೆನ್ಸನ್ ಎಂಬ ಪಾಕದ ಮೇಲೆ ಎಂಟು ವಾರ ಕಾಯುವರು; 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅನುಮೋದಿಸಿದ ಜೀನ್‌ಎಕ್ಸ್‌ಪರ್ಟ್ ಯಂತ್ರವು ಸುಮಾರು ಎರಡು ಗಂಟೆಯಲ್ಲಿ ಅದರ ಗುರುತನ್ನು ಹುಡುಕುವುದು. ಎರಡನ್ನೂ ಬೇಕೆಂದು ಕೇಳಿ ಮಾಡಿಸಬೇಕು. ಕೇಳದೆ ಅವು ನಡೆಯುವುದಿಲ್ಲ. ಕ್ಷಯವು ಮನೆಮನೆಯ ಶತ್ರುವಾಗಿರುವ ನಮ್ಮ ದೇಶದಲ್ಲಿ, ಬೇರೆ ಎಲ್ಲ ತಟ್ಟೆಗಳೂ ಬರಿದಾಗಿರುವಾಗ ಈ ಪ್ರಶ್ನೆಯನ್ನು ಕೇಳದೆ ಬಿಡುವುದಕ್ಕೆ ಕಾರಣವಿಲ್ಲ.

ಬ್ರುಸೆಲ್ಲ ಎಂಬುದು ದನ, ಕುರಿ, ಆಡುಗಳ ಗರ್ಭಪಾತಕ್ಕೆ ಕಾರಣವಾದ ಜೀವಿ. ಕಾಯಿಸದ ಹಾಲಿನಿಂದಲೂ, ಕರು ಹಾಕಿಸುವಾಗ ಕೈಗಂಟಿದ ಕೊಳೆಯಿಂದಲೂ ಮನುಷ್ಯರಿಗೆ ಹತ್ತುವುದು. ಯಲಹಂಕ, ದೇವನಹಳ್ಳಿಗಳ ಸುತ್ತಣ ಹಳ್ಳಿಗಳಲ್ಲಿ ಹಸು ಸಾಕಿ ಬಾಳಿದ ಹಿರಿಯರು ಈಗ ಮಕ್ಕಳೊಡನೆ ಬಂದು ನಮ್ಮ ಬೀದಿಗಳಲ್ಲಿ ನೆಲೆಸಿದ್ದಾರೆ. ಅವರಿಗೂ ಮಂಡಿಯ ಶಸ್ತ್ರಕ್ರಿಯೆಗಳಾಗುತ್ತಿವೆ. ಇದಕ್ಕೆ ರಕ್ತದಲ್ಲಿ ಮಾಡುವ ಮೊದಲ ಪರೀಕ್ಷೆಯ ಹೆಸರು ರೋಸ್ ಬೆಂಗಾಲ್. ಅದೊಂದು ಗುಲಾಬಿ ಬಣ್ಣದ ಹೆಸರೇ ಹೊರತು ನಮ್ಮ ಬೆಂಗಳೂರಿಗೂ ಅದಕ್ಕೂ ನಂಟಿಲ್ಲ. ಕೃಷಿಯಲ್ಲಿ ಇದು ಮೆಲ್ಲಗೆ ಬೆಳೆಯುವುದು. ಮೇಲಾಗಿ ತಟ್ಟೆಯನ್ನು ತೆರೆದು ನೋಡುವ ಪರೀಕ್ಷಕನಿಗೇ ಉಸಿರಿನ ಮೂಲಕ ಹತ್ತಬಹುದು. ಆದುದರಿಂದ ಸಂದೇಹವಿದ್ದರೆ ಮಾದರಿಯೊಡನೆ ಹೋಗುವ ಚೀಟಿಯಲ್ಲಿ ಅದನ್ನು ಬರೆದು ತಿಳಿಸುವುದು ಪದ್ಧತಿ. ವೈದ್ಯರು ಹಾಗೆ ಬರೆಯಬೇಕಾದರೆ ಮನೆಯವರು ಅವರಿಗೆ ಹೇಳಿರಬೇಕು: ಕೀಲು ಕೃತಕವಾದುದೆಂದು, ಅದನ್ನು ಹಾಕಿದ ವರ್ಷ ಇಂತಹುದೆಂದು, ಕಳೆದ ಹದಿನೈದು ದಿವಸಗಳಲ್ಲಿ ನುಂಗಿದ ಮಾತ್ರೆಗಳು ಇವೆಂದು ಖಾಲಿಯಾದ ಪಟ್ಟಿಗಳ ಸಹಿತವಾಗಿ, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದಿತೇ ಎಂದು, ಕೊಟ್ಟಿಗೆಯಲ್ಲಿ ಹಸುವು ಕಂದು ಹಾಕಿದ್ದುಂಟೇ ಎಂದು.